ವೈಪರ್ ಬ್ಲೇಡ್ ಮಳೆಗಾಲ ಪೂರ್ತಿ ಬಾಳಬೇಕೆಂದರೆ: ಮಲೆನಾಡಿನ ಕಾರಿನವರಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ರೋಹಿಣಿ ಮಳೆ ಹನಿಯುವ ಹೊತ್ತಿಗೆ ಹಾಸನ, ಚಿಕ್ಕಮಗಳೂರಿನ ಸ್ಪೇರ್ ಪಾರ್ಟ್ಸ್ ಅಂಗಡಿಗಳಲ್ಲಿ ವೈಪರ್ ಬ್ಲೇಡ್ ಕೇಳುವವರು ಹೆಚ್ಚುತ್ತಾರೆ. ಹೊಸ ಜೋಡಿ ಹಾಕಿಸಿಕೊಂಡು ಹೋದವರಲ್ಲಿ ಎಷ್ಟೋ ಜನ ಆರಿದ್ರಾ ಮುಗಿಯುವುದರೊಳಗೆ ಮತ್ತೆ ಬರುತ್ತಾರೆ. ಗಾಜಿನ ಮೇಲೆ ಗೆರೆ, ಕಿರ್ ಕಿರ್ ಸದ್ದು, ಎದುರಿನ ಲಾರಿಯ ಲೈಟು ಬಿದ್ದರೆ ರಸ್ತೆಯೇ ಕಾಣುವುದಿಲ್ಲ ಎಂಬ ದೂರು. ಬೈಗುಳ ಬ್ಲೇಡಿಗೆ. ಆದರೆ ಬಹಳಷ್ಟು ಸಲ ಬ್ಲೇಡ್ ಚೆನ್ನಾಗಿಯೇ ಇರುತ್ತದೆ, ಅದನ್ನು ಕೊಳೆ ತುಂಬಿದ ಗಾಜಿನ ಮೇಲೆ, ತಿರುಚಿದ ವೈಪರ್ ಕೈಗೆ (ಬ್ಲೇಡನ್ನು ಹಿಡಿದಿರುವ ಲೋಹದ ತೋಳಿಗೆ) ಸಿಕ್ಕಿಸಿರುತ್ತಾರೆ, ಅಷ್ಟೇ.

ಮಳೆಯಲ್ಲಿ ವೈಪರ್ ಸವೆಯುವುದು ಕಡಿಮೆ. ನೀರಿನ ತೆಳು ಪದರವೇ ರಬ್ಬರಿಗೆ ಎಣ್ಣೆಯ ಕೆಲಸ ಮಾಡುತ್ತದೆ. ರಬ್ಬರು ಹಾಳಾಗುವುದು ಒಣ ಗಾಜಿನ ಮೇಲೆ ತಿಕ್ಕಿದಾಗ, ಮಣ್ಣಿನ ಕಣ ಅಂಚಿನ ಅಡಿಗೆ ಸಿಕ್ಕಾಗ, ಮತ್ತೆ ಜನವರಿಯಿಂದ ಮೇವರೆಗೆ ಬಿಸಿಲಿನಲ್ಲಿ ಸುಮ್ಮನೆ ಮಲಗಿದ್ದಾಗ. ಆದ್ದರಿಂದ ಕೆಲಸದ ಸರದಿ ಹೀಗಿರಲಿ: ಮೊದಲು ಗಾಜು, ಆಮೇಲೆ ರಬ್ಬರು, ಆಮೇಲೆ ಕೈ ಮತ್ತು ಸ್ಪ್ರಿಂಗು, ಆಮೇಲೆ ನೀರಿನ ಟ್ಯಾಂಕು. ಹೊಸ ಬ್ಲೇಡ್ ಕೊನೆಗೆ. ಈ ಸರದಿ ತಿರುಗಿಸಿದರೆ ಹೊಸ ರಬ್ಬರಿನ ಅಂಚು ಮೊದಲ ವಾರದಲ್ಲೇ ಹಳೆಯದಾಗುತ್ತದೆ.

ಬೇಕಾಗುವ ಸಾಮಾನು

ಎರಡು ಬಕೆಟ್ ನೀರು, ಪಾತ್ರೆ ತೊಳೆಯುವ ಲಿಕ್ವಿಡ್, ನಾಲ್ಕು ಮೈಕ್ರೋಫೈಬರ್ ಬಟ್ಟೆ, ಒಂದು ದಪ್ಪ ಟವೆಲ್, ಅರ್ಧ ಲೀಟರ್ ಬಿಳಿ ವಿನಿಗರ್, ಒಂದು ತೆಳು ಪ್ಲಾಸ್ಟಿಕ್ ಕವರ್, ಸಣ್ಣ ಗುಂಡುಪಿನ್ನು, ಅಳತೆ ಟೇಪು. ಗಾಜು ತುಂಬ ಒರಟಾಗಿದ್ದರೆ ಕಾರ್ ಕೇರ್ ಅಂಗಡಿಯಲ್ಲಿ ಸಿಗುವ ಕ್ಲೇ ಬಾರ್ (ಅಂಟಿದ ಕೊಳೆ ಎತ್ತುವ ಜೇಡಿಯಂಥ ಮುದ್ದೆ) ಬೇಕಾಗುತ್ತದೆ. ಸೀಮೆಎಣ್ಣೆ, ಪೆಟ್ರೋಲು, ಥಿನ್ನರ್, ಮರಳು ಕಾಗದ, ಟೂತ್‌ಪೇಸ್ಟ್ ಈ ಕೆಲಸಕ್ಕೆ ಹತ್ತಿರ ಬರಕೂಡದು.

ಮೊದಲ ಸಲ ಪೂರ್ತಿ ಮಾಡಲು ಒಂದೂವರೆ ಗಂಟೆ ಬೇಕು. ಬೆಳಿಗ್ಗೆ ಗಾಜು ತಣ್ಣಗಿರುವಾಗ, ನೆರಳಿನಲ್ಲಿ ಮಾಡಿ. ಬಿಸಿ ಗಾಜಿನ ಮೇಲೆ ಸೋಪು ಒಣಗಿ ಕಲೆಯಾಗುತ್ತದೆ.

ಹಂತ 1: ರೋಗ ಯಾವುದು ಎಂದು ಗಾಜಿನಲ್ಲೇ ಓದಿ

ಗಾಜಿನ ಮೇಲೆ ಒಂದು ಚೊಂಬು ನೀರು ಸುರಿದು ವೈಪರ್ ನಾಲ್ಕೈದು ಸಲ ಓಡಿಸಿ, ಒಳಗೆ ಕೂತು ನೋಡಿ. ವೈಪರ್ ಏನು ಬಿಟ್ಟು ಹೋಗುತ್ತದೆ ಎಂಬುದೇ ಕಾಯಿಲೆಯ ಹೆಸರು ಹೇಳುತ್ತದೆ.

ಪ್ರತಿ ಸಲವೂ ಅದೇ ಜಾಗದಲ್ಲಿ ಒಂದೇ ಸಣ್ಣ ನೀರಿನ ಗೆರೆ ಉಳಿದರೆ, ರಬ್ಬರಿನ ಅಂಚಿನಲ್ಲಿ ಆ ಜಾಗಕ್ಕೆ ಸರಿಯಾಗಿ ಒಂದು ಕಣ ಅಂಟಿದೆ ಅಥವಾ ಒಂದು ಕಚ್ಚು ಬಿದ್ದಿದೆ. ಕಣವಾದರೆ ಒರೆಸಿದರೆ ಹೋಗುತ್ತದೆ, ಕಚ್ಚಾದರೆ ಹೋಗುವುದಿಲ್ಲ. ನಡುವೆ ಅಗಲ ಪಟ್ಟಿಯಷ್ಟು ಜಾಗ ಒದ್ದೆಯಾಗಿಯೇ ಉಳಿದರೆ ಬ್ಲೇಡಿನ ಚೌಕಟ್ಟು ಬಾಗಿದೆ, ಇಲ್ಲವೇ ಕೈಯ ಸ್ಪ್ರಿಂಗ್ ಸಡಿಲವಾಗಿದೆ. ಎರಡು ತುದಿಗಳಲ್ಲಿ ಮಾತ್ರ ಬಿಟ್ಟರೆ ಫ್ರೇಮ್‌ಲೆಸ್ (ಹೊರಗೆ ಲೋಹದ ಚೌಕಟ್ಟಿಲ್ಲದ) ಬ್ಲೇಡಿನ ಒಳಗಿನ ಸ್ಟೀಲ್ ಪಟ್ಟಿ ತನ್ನ ಬಾಗು ಕಳೆದುಕೊಂಡಿದೆ ಎಂದರ್ಥ.

ವೈಪರ್ ಹೋದ ಹಿಂದೆಯೇ ಮಂಜಿನಂಥ ಪದರ ಉಳಿದು, ಒಂದೆರಡು ಸೆಕೆಂಡಿಗೆ ಮಾಯವಾದರೆ ಅದು ಗಾಜಿನ ಮೇಲಿನ ಎಣ್ಣೆ. ಇದಕ್ಕೆ ಬ್ಲೇಡ್ ಬದಲಿಸಿ ಪ್ರಯೋಜನವಿಲ್ಲ. ಘಟ್ಟದಲ್ಲಿ ಲಾರಿ, ಬಸ್ಸುಗಳ ಹಿಂದೆ ಗಂಟೆಗಟ್ಟಲೆ ಹೋಗುವ ಕಾರುಗಳಿಗೆ ಹೆಚ್ಚಾಗಿ ಬರುವ ತೊಂದರೆ ಇದು.

ಸದ್ದಿನ ವಿಷಯದಲ್ಲಿ ಒಂದನ್ನು ಗಮನಿಸಿ. ತಕತಕನೆ ಕುಪ್ಪಳಿಸುವುದು ಒಂದೇ ದಿಕ್ಕಿನಲ್ಲೋ, ಎರಡೂ ದಿಕ್ಕಿನಲ್ಲೋ? ಮೇಲೆ ಹೋಗುವಾಗ ಮಾತ್ರ ಅಥವಾ ಇಳಿಯುವಾಗ ಮಾತ್ರ ಕುಪ್ಪಳಿಸಿದರೆ ಕೈ ತಿರುಚಿದೆ, ಇಲ್ಲವೇ ರಬ್ಬರು ಒಂದೇ ಕಡೆ ಮಡಚಿ ಗಟ್ಟಿಯಾಗಿದೆ. ಎರಡೂ ಕಡೆ ಕುಪ್ಪಳಿಸಿದರೆ ಗಾಜಿನ ಮೇಲೆ ಮೇಣ, ಪಾಲಿಶ್ ಅಥವಾ ಎಣ್ಣೆ ಇದೆ, ಇಲ್ಲವೇ ರಬ್ಬರು ಪೂರ್ತಿ ಒಣಗಿದೆ.

ಹಂತ 2: ಗಾಜನ್ನು ನಿಜವಾಗಿ ತೊಳೆಯುವುದು

ಎಲ್ಲರೂ ಬೇಗ ಮುಗಿಸುವ ಹಂತ ಇದು. ಹೆಚ್ಚು ಹೊತ್ತು ಕೊಡಬೇಕಾದ ಹಂತವೂ ಇದೇ.

ಮೊದಲು ಬರೀ ನೀರು. ಮೇಲಿನಿಂದ ಕೆಳಕ್ಕೆ ಧಾರಾಳವಾಗಿ ಸುರಿದು ಮಣ್ಣು, ಮರಳು ಇಳಿದು ಹೋಗಲಿ. ಈ ಹೊತ್ತಿನಲ್ಲಿ ಬಟ್ಟೆ ಮುಟ್ಟಿಸಬೇಡಿ. ನಮ್ಮ ರಸ್ತೆಯ ಧೂಳಿನಲ್ಲಿರುವ ಮರಳಿನ ಕಣ ಸ್ಫಟಿಕ ಶಿಲೆಯದು, ಅದು ಗಾಜಿಗಿಂತ ಗಟ್ಟಿ. ಒಣ ಬಟ್ಟೆಯಲ್ಲಿ ಒರೆಸಿದರೂ, ಒಣ ವೈಪರ್ ಓಡಿಸಿದರೂ ಆ ಕಣ ಗಾಜಿನ ಮೇಲೆ ಅರ್ಧಚಂದ್ರಾಕಾರದ ಸಣ್ಣ ಗೀರು ಎಳೆಯುತ್ತದೆ. ರಾತ್ರಿ ಎದುರು ಲೈಟು ಬಿದ್ದಾಗ ಗಾಜಿನಲ್ಲಿ ಜೇಡರ ಬಲೆಯಂತೆ ಹೊಳೆಯುವುದು ಇಂಥ ಗೀರುಗಳೇ.

ಆಮೇಲೆ ಅರ್ಧ ಬಕೆಟ್ ನೀರಿಗೆ ಒಂದು ಚಮಚ ಪಾತ್ರೆ ಲಿಕ್ವಿಡ್ ಹಾಕಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಗಾಜನ್ನು ಅಡ್ಡಡ್ಡ ಒಂದು ಸಲ, ಉದ್ದುದ್ದ ಒಂದು ಸಲ ಒರೆಸಿ. ವೈಪರ್ ಮಲಗುವ ಕೆಳಗಿನ ಪಟ್ಟಿಯನ್ನು ಮರೆಯಬೇಡಿ. ವೈಪರ್ ತಳ್ಳಿಕೊಂಡು ಬಂದ ಎಲ್ಲ ಕೊಳೆಯೂ ಅಲ್ಲೇ ಶೇಖರವಾಗಿರುತ್ತದೆ. ನಾಳೆ ಮೊದಲ ಬೀಸಿನಲ್ಲಿ ಬ್ಲೇಡ್ ಅದನ್ನೇ ಎತ್ತಿಕೊಂಡು ಗಾಜಿನ ಉದ್ದಕ್ಕೂ ಎಳೆಯುತ್ತದೆ. ಚೆನ್ನಾಗಿ ನೀರು ಹಾಕಿ ತೊಳೆಯಿರಿ.

ಈಗ ಪ್ಲಾಸ್ಟಿಕ್ ಕವರ್ ಪರೀಕ್ಷೆ. ತೆಳು ಕವರಿನೊಳಗೆ ಕೈ ಹಾಕಿ, ಒದ್ದೆ ಗಾಜಿನ ಮೇಲೆ ಬೆರಳ ತುದಿಗಳನ್ನು ಹಗುರವಾಗಿ ಸರಿಸಿ. ಬರಿಗೈಗೆ ನುಣುಪೆನಿಸಿದ ಗಾಜು ಕವರಿನೊಳಗಿನ ಬೆರಳಿಗೆ ರವೆ ಚೆಲ್ಲಿದಂತೆ ತರಿತರಿ ಎನಿಸಿದರೆ, ಸೋಪಿಗೆ ಬಗ್ಗದ ಕೊಳೆ ಇನ್ನೂ ಅಂಟಿಕೊಂಡಿದೆ. ಕ್ಲೇ ಬಾರಿನ ಸಣ್ಣ ಉಂಡೆಯನ್ನು ಚಪ್ಪಟೆ ಮಾಡಿ, ಸೋಪು ನೀರು ಸಿಂಪಡಿಸುತ್ತಾ, ಒತ್ತದೆ ನೇರ ಗೆರೆಯಲ್ಲಿ ಸರಿಸಿ. ಶುರುವಿನಲ್ಲಿ ಹಿಡಿದು ಹಿಡಿದು ಬರುವ ಕ್ಲೇ ಕೊಳೆ ಬಿಟ್ಟಂತೆ ಜಾರತೊಡಗುತ್ತದೆ. ಕ್ಲೇ ನೆಲಕ್ಕೆ ಬಿದ್ದರೆ ಮತ್ತೆ ಬಳಸಬೇಡಿ, ಅದರಲ್ಲಿ ಮರಳು ಸೇರಿರುತ್ತದೆ.

*ನಮ್ಮ ಕಡೆಯ ವಿಶೇಷ ಕೊಳೆಗಳು*

ಬೋರ್ಡೋ: ಮಳೆಗಾಲದ ಮುಂಚೆ ಅಡಿಕೆಗೆ, ಕಾಫಿಗೆ ಕೊಳೆರೋಗದ ಔಷಧಿಯಾದ ಬೋರ್ಡೋ ದ್ರಾವಣ ಹೊಡೆಯುವಾಗ ತೋಟದ ದಾರಿಯಲ್ಲಿ ನಿಂತ ಕಾರಿನ ಗಾಜಿನ ಮೇಲೆ ತಿಳಿನೀಲಿ ಹನಿಗಳು ಬೀಳುತ್ತವೆ. ಅಡಿಕೆಗೆ ಹೊಡೆಯುವ ಶೇಕಡಾ 1ರ ದ್ರಾವಣದಲ್ಲಿ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಇರುತ್ತದೆ. ನೀರು ಆರಿದ ಮೇಲೆ ಉಳಿಯುವುದು ಸುಣ್ಣದ ಗಟ್ಟಿ ಕಲೆ. ಇದರ ಮೇಲೆ ವೈಪರ್ ಓಡಿಸಿದರೆ ರಬ್ಬರಿನ ಅಂಚು ಅರದ ಮೇಲೆ ಉಜ್ಜಿದಂತಾಗುತ್ತದೆ. ಹಸಿಯಿದ್ದಾಗಲೇ ನೀರು ಸುರಿದರೆ ಅರ್ಧ ಕೆಲಸ ಮುಗಿದಂತೆ. ಒಣಗಿದ್ದರೆ ವಿನಿಗರಿಗೆ ಅಷ್ಟೇ ನೀರು ಬೆರೆಸಿ, ಬಟ್ಟೆ ಅದ್ದಿ ಕಲೆಯ ಮೇಲೆ ಐದು ನಿಮಿಷ ಹಾಸಿಡಿ, ಸುಣ್ಣ ಕರಗುತ್ತದೆ. ಕೂಡಲೇ ಸಾಕಷ್ಟು ನೀರು ಹಾಕಿ ತೊಳೆಯಿರಿ, ವಿನಿಗರ್ ಬಾನೆಟ್ಟಿನ ಪೇಂಟಿನ ಮೇಲೆ ನಿಲ್ಲಬಾರದು. ವಾರಗಟ್ಟಲೆ ಹಾಗೇ ಬಿಟ್ಟರೆ ಗಾಜಿನಲ್ಲೇ ಮಚ್ಚೆ ಉಳಿಯಬಹುದು. ಬಯಲುಸೀಮೆಯ ಕಡೂರು, ಅರಸೀಕೆರೆ ಕಡೆ ಬೋರ್‌ವೆಲ್ ನೀರಿನಲ್ಲಿ ಕಾರು ತೊಳೆದು ಬಿಸಿಲಿಗೆ ಒಣಗಲು ಬಿಟ್ಟಾಗ ಬೀಳುವ ಬಿಳಿ ಕಲೆಗೂ ಇದೇ ಮದ್ದು.

ಹಲಸಿನ ಮೇಣ: ನೀರಿಗೂ ಸೋಪಿಗೂ ಬಗ್ಗದು. ಹತ್ತಿಯಲ್ಲಿ ಸ್ವಲ್ಪ ಕೊಬ್ಬರಿ ಎಣ್ಣೆ ತೆಗೆದುಕೊಂಡು ಆ ಚುಕ್ಕೆಗೆ ಮಾತ್ರ ಹಚ್ಚಿ, ಎರಡು ನಿಮಿಷ ಬಿಟ್ಟು ಒರೆಸಿ. ಆಮೇಲೆ ಪಾತ್ರೆ ಲಿಕ್ವಿಡ್ಡಿನಲ್ಲಿ ಆ ಜಾಗವನ್ನು ಎರಡು ಸಲ ತೊಳೆಯಲೇಬೇಕು. ಬಹಳ ಜನ ಇಲ್ಲೇ ಎಡವುತ್ತಾರೆ. ಮೇಣ ಹೋಯಿತೆಂದು ಖುಷಿಪಟ್ಟು ಎಣ್ಣೆಯನ್ನು ಬಿಡುತ್ತಾರೆ, ವೈಪರ್ ಅದನ್ನು ಇಡೀ ಗಾಜಿಗೆ ಬಳಿಯುತ್ತದೆ.

ಈಸಲು ಹುಳ: ಮೊದಲ ಮಳೆಯ ಸಂಜೆ ಲೈಟಿಗೆ ಮುತ್ತುವ ಈಸಲು ಹುಳಗಳ ಮೈಯಲ್ಲಿ ಜಿಡ್ಡು ಜಾಸ್ತಿ. ಬಡಿದ ತಕ್ಷಣ ವೈಪರ್ ಹಾಕಿದರೆ ಗಾಜು ಬೆಳ್ಳಗೆ ಮೆತ್ತಿಕೊಳ್ಳುತ್ತದೆ. ಪಕ್ಕಕ್ಕೆ ನಿಲ್ಲಿಸಿ ನೀರು ಹಾಕಿ ಕೈಯಲ್ಲಿ ಒರೆಸಿ. ಹಕ್ಕಿ ಹಿಕ್ಕೆಗೂ ಹಾಗೆಯೇ: ಒದ್ದೆ ಬಟ್ಟೆ ಹಾಸಿ ನೆನೆಸಿ ತೆಗೆಯಬೇಕು, ಕೆರೆಯಬಾರದು.

ಪಾಲಿಶ್: ಸರ್ವಿಸಿಗೆ ಕೊಟ್ಟ ಕಾರು ವಾಪಸು ಬಂದ ದಿನದಿಂದ ವೈಪರ್ ಕುಪ್ಪಳಿಸತೊಡಗಿದರೆ ಡ್ಯಾಶ್‌ಬೋರ್ಡ್ ಪಾಲಿಶ್ ಅಥವಾ ಬಾಡಿ ವ್ಯಾಕ್ಸ್ ಗಾಜಿಗೆ ತಾಗಿರುವ ಸಾಧ್ಯತೆ ಹೆಚ್ಚು. ಮುಂದಿನ ಗಾಜಿಗೆ ವ್ಯಾಕ್ಸ್ ಹಚ್ಚಬೇಡಿ ಎಂದು ಮೊದಲೇ ಹೇಳಿ. ನೀರು ಜಾರಿಸುವ ಕೋಟಿಂಗ್ ಹಾಕಿಸಿದ್ದರೆ ಅದು ಅರ್ಧಂಬರ್ಧ ಸವೆದಾಗಲೂ ಇದೇ ಸದ್ದು ಬರುತ್ತದೆ. ಒಂದೋ ಪೂರ್ತಿ ತೆಗೆಸಿ, ಇಲ್ಲವೇ ಹೊಸದಾಗಿ ಹಾಕಿಸಿ.

ಗಾಜು ಸ್ವಚ್ಛವಾಯಿತೋ ಇಲ್ಲವೋ ತಿಳಿಯಲು ಒಂದು ಮಗ್ ನೀರು ಸುರಿಯಿರಿ. ಕೋಟಿಂಗ್ ಇಲ್ಲದ ಶುದ್ಧ ಗಾಜಿನ ಮೇಲೆ ನೀರು ಹಾಳೆಯಂತೆ ಒಟ್ಟಾಗಿ ಇಳಿಯುತ್ತದೆ. ಅಲ್ಲಲ್ಲಿ ಹರಿದು, ದ್ವೀಪಗಳಾಗಿ ನಿಂತರೆ ಜಿಡ್ಡು ಉಳಿದಿದೆ. ಮತ್ತೊಮ್ಮೆ ಸೋಪು ಹಾಕಿ.

ಉಗುರು ಆಡಿಸಿ ನೋಡಿದಾಗ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿದ್ದರೆ ಯಾವ ಪಾಲಿಶಿನಿಂದಲೂ ಹೋಗುವುದಿಲ್ಲ. ಅಂಥ ಗೀರು ಡ್ರೈವರ್ ಕಣ್ಣಿನ ನೇರಕ್ಕಿದ್ದರೆ ಗಾಜು ಬದಲಿಸುವುದೇ ದಾರಿ. ಹೊಸ ಬ್ಲೇಡುಗಳನ್ನು ಕೂಡ ಆ ಗೀರು ಒಂದೊಂದಾಗಿ ತಿನ್ನುತ್ತದೆ.

ಹಂತ 3: ರಬ್ಬರಿನ ಅಂಚು

ವೈಪರ್ ಕೈ ಎತ್ತುವ ಮುಂಚೆ ಎರಡು ಎಚ್ಚರಿಕೆ. ಬ್ಲೇಡ್ ಬಾನೆಟ್ಟಿನ ಅಂಚಿನ ಕೆಳಗೆ ಅವಿತಿರುವ ಕಾರುಗಳಲ್ಲಿ ಮಲಗಿದ ಜಾಗದಿಂದಲೇ ಎತ್ತಿದರೆ ಬಾನೆಟ್ಟಿನ ಪೇಂಟ್ ಹಾರುತ್ತದೆ. ಅವುಗಳಿಗೆ ಸರ್ವಿಸ್ ಪೊಸಿಷನ್ ಇರುತ್ತದೆ, ಇಗ್ನಿಷನ್ ಮತ್ತು ವೈಪರ್ ಲಿವರನ್ನು ಯಾವ ಕ್ರಮದಲ್ಲಿ ಒತ್ತಬೇಕೆಂದು ಕಾರಿನ ಕೈಪಿಡಿಯಲ್ಲಿ ಬರೆದಿರುತ್ತದೆ. ಎರಡನೆಯದು: ಎತ್ತಿದ ಕೈ ಜಾರಿ ಗಾಜಿಗೆ ಬಡಿಯದಂತೆ ಕೆಳಗೆ ಟವೆಲ್ ಮಡಚಿ ಹಾಸಿ. ಬ್ಲೇಡ್ ಕಳಚಿದ ಬರೀ ಲೋಹದ ಕೈ ಸ್ಪ್ರಿಂಗಿನ ಬಲಕ್ಕೆ ಬಿದ್ದರೆ ಗಾಜು ಒಡೆಯುತ್ತದೆ.

ಕೈ ಎತ್ತಿ ರಬ್ಬರನ್ನು ಬೆಳಕಿಗೆ ಹಿಡಿದು ನೋಡಿ. ಹೊಸ ರಬ್ಬರಿನ ತುದಿ ಚೂರಿಯಂತೆ ಚೂಪಲ್ಲ, ಸಣ್ಣ ಪಟ್ಟಿ ಕತ್ತರಿಸಿದಂತೆ ಚೌಕಾಕಾರ. ಆ ಚೌಕದ ಎರಡು ಮೂಲೆಗಳೇ ನೀರು ತಳ್ಳುವುದು: ಹೋಗುವಾಗ ಒಂದು ಮೂಲೆ, ಬರುವಾಗ ಇನ್ನೊಂದು. ಪ್ರತಿ ತಿರುವಿನಲ್ಲೂ ತುಟಿಯಂಥ ಆ ಅಂಚು ಮಗ್ಗುಲು ಬದಲಿಸಬೇಕು. ಮೂಲೆ ಉರುಟಾದರೆ ನೀರನ್ನು ತಳ್ಳದೆ ಅದರ ಮೇಲೆ ಹತ್ತಿ ಹೋಗುತ್ತದೆ. ತುಟಿ ಗಟ್ಟಿಯಾದರೆ ಮಗ್ಗುಲು ಬದಲಿಸಲಾರದೆ ಕುಪ್ಪಳಿಸುತ್ತದೆ.

ಒರೆಸುವ ಕ್ರಮ: ಸೋಪು ನೀರಿನಲ್ಲಿ ಬಟ್ಟೆ ಅದ್ದಿ ಹಿಂಡಿ. ರಬ್ಬರಿನ ತುಟಿಯನ್ನು ಬಟ್ಟೆಯ ನಡುವೆ ಎರಡು ಬೆರಳಲ್ಲಿ ಹಗುರವಾಗಿ ಹಿಡಿದು, ಬುಡದಿಂದ ತುದಿಗೆ ಒಂದೇ ದಿಕ್ಕಿನಲ್ಲಿ ಎಳೆಯಿರಿ. ಮೊದಲ ಎಳೆತಕ್ಕೆ ಬಟ್ಟೆಯ ಮೇಲೆ ದಪ್ಪ ಕಪ್ಪು ಪಟ್ಟಿ ಬೀಳುತ್ತದೆ. ಬಟ್ಟೆಯ ಬೇರೆ ಜಾಗ ಹಿಡಿದು ಮತ್ತೆ ಎಳೆಯಿರಿ. ಮೂರು, ನಾಲ್ಕು ಎಳೆತಕ್ಕೆ ಪಟ್ಟಿ ತೆಳುವಾಗಿ ಬೂದು ಬಣ್ಣಕ್ಕೆ ತಿರುಗುತ್ತದೆ. ಅಲ್ಲಿಗೆ ನಿಲ್ಲಿಸಿ. ಬಟ್ಟೆ ಪೂರ್ತಿ ಬೆಳ್ಳಗೆ ಬರುವ ತನಕ ತಿಕ್ಕುವುದು ತಪ್ಪು. ಎಷ್ಟೋ ಬ್ಲೇಡುಗಳ ರಬ್ಬರಿನ ಮೇಲೆ ಜಾರಲೆಂದು ಗ್ರಾಫೈಟ್ ಪುಡಿಯ ಪದರ ಕೊಟ್ಟಿರುತ್ತಾರೆ, ಹೆಚ್ಚು ತಿಕ್ಕಿದರೆ ಅದೂ ಬಟ್ಟೆಗೆ ಬರುತ್ತದೆ. ಕೊನೆಗೆ ಬರೀ ನೀರಿನ ಬಟ್ಟೆಯಲ್ಲಿ ಒಂದು ಎಳೆತ.

ಸೀಮೆಎಣ್ಣೆ, ಡೀಸೆಲ್, ತುಕ್ಕು ಬಿಡಿಸುವ ಸ್ಪ್ರೇ ಹಚ್ಚಿದರೆ ರಬ್ಬರು ಮೆತ್ತಗಾಗಿ ಹೊಸದರಂತೆ ಕಾಣುತ್ತದೆ, ಎರಡು ದಿನ ಸದ್ದೂ ನಿಲ್ಲುತ್ತದೆ. ಅದರಿಂದಲೇ ಈ ಸಲಹೆ ಬಾಯಿಂದ ಬಾಯಿಗೆ ಹೋಗುತ್ತಿದೆ. ಆದರೆ ಪೆಟ್ರೋಲಿಯಂ ಎಣ್ಣೆ ರಬ್ಬರನ್ನು ಉಬ್ಬಿಸುತ್ತದೆ. ಉಬ್ಬಿದ ಅಂಚು ಅಲೆಅಲೆಯಾಗಿ ಗಾಜಿಗೆ ಸರಿಯಾಗಿ ಕೂರುವುದಿಲ್ಲ, ಎಣ್ಣೆ ಗಾಜಿಗೂ ಅಂಟುತ್ತದೆ. ಮರಳು ಕಾಗದದಿಂದ ಅಂಚು ಉಜ್ಜುವುದಂತೂ ಆ ಚೌಕ ಮೂಲೆಯನ್ನೇ ತೆಗೆದು ಹಾಕುತ್ತದೆ. ಕತ್ತರಿಸಿ ಮಾಡಿದ ಅಂಚನ್ನು ಉಜ್ಜಿ ಮತ್ತೆ ತರಲಾಗದು.

ಎಷ್ಟು ದಿನಕ್ಕೊಮ್ಮೆ? ಬೇಸಿಗೆಯಲ್ಲಿ ಧೂಳಿನ ತೋಟದ ದಾರಿಯಲ್ಲಿ ಓಡಾಡುವವರು ವಾರಕ್ಕೊಮ್ಮೆ, ಊರಿನೊಳಗೆ ಓಡಿಸುವವರು ಹದಿನೈದು ದಿನಕ್ಕೊಮ್ಮೆ. ಜಡಿಮಳೆ ಹಿಡಿದಾಗಲೂ ಬಿಡಬೇಡಿ. ಪುನರ್ವಸು, ಪುಷ್ಯ ಮಳೆಯ ಕಾಲದಲ್ಲಿ ಕಾರು ದಿನಗಟ್ಟಲೆ ಒಣಗುವುದೇ ಇಲ್ಲ. ಮೂಡಿಗೆರೆ, ಸಕಲೇಶಪುರ, ಕೊಪ್ಪದ ಕಡೆ ಗಾಜಿನ ಸುತ್ತಲಿನ ರಬ್ಬರಿನಲ್ಲಿ, ಬ್ಲೇಡಿನ ಸಂದಿಯಲ್ಲಿ ಹಸಿರು ಪಾಚಿ ಕಟ್ಟುತ್ತದೆ. ಹಳೆಯ ಟೂತ್‌ಬ್ರಷ್ಷಿಗೆ ಸೋಪು ಹಾಕಿ ಆ ಸಂದಿಗಳನ್ನು ಮಾತ್ರ ಉಜ್ಜಿ. ರಬ್ಬರಿನ ತುಟಿಗೆ ಬ್ರಷ್ ಬೇಡ.

ಹಂತ 4: ಕೈ, ಸ್ಪ್ರಿಂಗು ಮತ್ತು ಕೋನ

ಎರಡೂ ಕೈಗಳನ್ನು ಒಂದೊಂದಾಗಿ ನಾಲ್ಕು ಬೆರಳಷ್ಟು ಎತ್ತಿ, ಮೆಲ್ಲಗೆ ಬಿಡುತ್ತಾ ಎಳೆತ ಹೋಲಿಸಿ. ಒಂದು ಗಟ್ಟಿಯಾಗಿ ಎಳೆದು ಇನ್ನೊಂದು ಸೋತಂತಿದ್ದರೆ ಸ್ಪ್ರಿಂಗಿನಲ್ಲಿ ತುಕ್ಕು ಅಥವಾ ಮಣ್ಣು ಸೇರಿದೆ. ಸ್ಪ್ರಿಂಗಿನ ಮೇಲೆ ನೀರು ಹಾಕಿ ಬ್ರಷ್ಷಿನಲ್ಲಿ ತೊಳೆದು, ಒಣಗಿದ ಮೇಲೆ ಕೀಲಿಗೆ ಮಾತ್ರ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ, ಸುರಿದದ್ದನ್ನು ಒರೆಸಿ. ಆಗಲೂ ಸೋತಿದ್ದರೆ ಕೈಯನ್ನೇ ಬದಲಿಸಬೇಕು. ಸ್ಪ್ರಿಂಗನ್ನು ಕತ್ತರಿಸಿ, ತಂತಿ ಸುತ್ತಿ ಬಿಗಿ ಮಾಡುವುದು ಬೇಡ. ಒತ್ತಡ ಮಿತಿ ಮೀರಿದರೆ ರಬ್ಬರು ಬೇಗ ಸವೆಯುತ್ತದೆ, ಮೋಟಾರಿಗೂ ಭಾರ.

ಕೋನ ನೋಡಲು ಬ್ಲೇಡ್ ಕಳಚಿ, ಟವೆಲ್ ಮೇಲೆ ಕೈಯನ್ನು ನಿಧಾನವಾಗಿ ಇಳಿಸಿ. ಕೈಯ ತುದಿಯ ಚಪ್ಪಟೆ ಭಾಗ ಗಾಜಿಗೆ ಸಮಾನಾಂತರವಾಗಿರಬೇಕು. ಒಂದು ಕಡೆ ವಾಲಿದ್ದರೆ ರಬ್ಬರು ಆ ಕಡೆಗೇ ಮಲಗಿ, ವಾಪಸು ಬರುವಾಗ ತಿರುಗಲಾರದೆ ಕುಪ್ಪಳಿಸುತ್ತದೆ. ಕಾರು ತೊಳೆಯುವಾಗ ಕೈಯನ್ನು ಅಡ್ಡ ಎಳೆದರೆ, ತೋಟದ ದಾರಿಯಲ್ಲಿ ಕೊಂಬೆ ಸಿಕ್ಕಿಕೊಂಡರೆ ಹೀಗಾಗುತ್ತದೆ. ಬಟ್ಟೆ ಸುತ್ತಿದ ಎರಡು ಸ್ಪ್ಯಾನರಿನಲ್ಲಿ ಕೂದಲೆಳೆಯಷ್ಟು ತಿರುಚಿ ನೇರ ಮಾಡಬಹುದು. ಕೈಯಲ್ಲಿ ಅಂದಾಜು ಇಲ್ಲದವರು ಇದನ್ನು ಮೆಕ್ಯಾನಿಕ್ಕಿಗೆ ಬಿಡುವುದು ಲೇಸು.

ಕೈ ಬುಡದ ನಟ್ಟನ್ನೂ ನೋಡಿ. ನಟ್ಟು ಸಡಿಲವಾದರೆ ಮೋಟಾರು ತಿರುಗುತ್ತದೆ, ವೈಪರ್ ಮಾತ್ರ ಅರ್ಧದಲ್ಲೇ ನಿಲ್ಲುತ್ತದೆ. ಸುರಿವ ಮಳೆಯಲ್ಲಿ ನಿಂತಾಗ ಫ್ಯೂಸ್ ಹೋಯಿತೆಂದು ಭಾವಿಸುವವರೇ ಹೆಚ್ಚು. ಮುಚ್ಚಳ ತೆಗೆದು ಹಿತವಾಗಿ ಬಿಗಿ ಮಾಡಿ. ಕೈಯನ್ನು ಪೂರ್ತಿ ತೆಗೆಯುವುದಿದ್ದರೆ ಬ್ಲೇಡ್ ಮಲಗುವ ಜಾಗಕ್ಕೆ ಗಾಜಿನ ಮೇಲೆ ಟೇಪಿನ ಗುರುತು ಹಾಕಿಕೊಳ್ಳಿ. ಮತ್ತೆ ಕೂರಿಸುವಾಗ ಹಲ್ಲು ಒಂದೆರಡು ತಪ್ಪಿದರೂ ಬ್ಲೇಡ್ ಗಾಜಿನ ಪಕ್ಕದ ಚೌಕಟ್ಟಿನ ಕಂಬಕ್ಕೆ ಬಡಿಯುತ್ತದೆ.

ಅಲ್ಲೇ ಗಾಜಿನ ಬುಡದ ಜಾಲರಿಯಲ್ಲಿ ಸಿಲ್ವರ್ ಓಕ್ ಎಲೆ ಸಿಕ್ಕಿಕೊಂಡಿದ್ದರೆ ಕೈಯಿಂದ ಆರಿಸಿ ತೆಗೆಯಿರಿ. ನೀರಿನ ತೂಬು ಕಟ್ಟಿದರೆ ಕೊಳೆನೀರು ವೈಪರ್ ಕೀಲುಗಳ ಮೇಲೆ ನಿಲ್ಲುತ್ತದೆ, ಕೆಲವೊಮ್ಮೆ ಕಾರಿನೊಳಗೂ ಇಳಿಯುತ್ತದೆ.

ಹಂತ 5: ನೀರಿನ ಟ್ಯಾಂಕು ಮತ್ತು ನಾಜಲ್

ಗಾಜಿಗೆ ನೀರು ಚಿಮ್ಮಿಸುವ ವಾಷರ್ ಸರಿಯಿಲ್ಲದ ಕಾರಿನಲ್ಲಿ ಯಾವ ಬ್ಲೇಡೂ ಬಾಳುವುದಿಲ್ಲ. ಟ್ಯಾಂಕಿಗೆ ಹಾಕುವುದು ಸೋಸಿದ ಮಳೆನೀರು ಅಥವಾ ಫಿಲ್ಟರ್ ನೀರು. ಅದಕ್ಕೆ ಅಂಗಡಿಯಲ್ಲಿ ಸಿಗುವ ವಾಷರ್ ಲಿಕ್ವಿಡ್ಡನ್ನು ಬಾಟಲಿಯ ಮೇಲೆ ಬರೆದ ಅಳತೆಗೆ ಸೇರಿಸಿ. ಅದಿಲ್ಲದಿದ್ದರೆ ಒಂದು ಲೀಟರಿಗೆ ನಾಲ್ಕೈದು ಹನಿ ಕಾರ್ ಶ್ಯಾಂಪೂ ಸಾಕು. ಬಟ್ಟೆ ಒಗೆಯುವ ಸೋಪಿನ ಪುಡಿ ಹಾಕಿದರೆ ಪುಡಿ ತಳದಲ್ಲಿ ಕೂತು ಪೈಪು, ನಾಜಲ್ ಕಟ್ಟುತ್ತದೆ, ಗಾಜಿನ ಮೇಲೂ ಬಿಳಿ ಪುಡಿ ಉಳಿಯುತ್ತದೆ.

ನೀರು ಬಾರದಿದ್ದರೆ ನಾಜಲ್ಲಿನ ತೂತಿಗೆ ಗುಂಡುಪಿನ್ನು ಮೆಲ್ಲಗೆ ಹಾಕಿ ತೆಗೆಯಿರಿ. ಕಣ್ಣಿಗೆ ಕಾಣುವ ಗುಂಡಿನಂಥ ನಾಜಲ್ಲಾದರೆ ಅದೇ ಪಿನ್ನಿನಿಂದ ಧಾರೆಯ ದಿಕ್ಕನ್ನೂ ತಿದ್ದಬಹುದು. ಧಾರೆ ಗಾಜಿನ ನಡುಭಾಗಕ್ಕಿಂತ ಸ್ವಲ್ಪ ಮೇಲೆ ಬೀಳಬೇಕು. ನಿಂತ ಕಾರಿನಲ್ಲಿ ತೀರ ಕೆಳಗೆ ಬೀಳುವ ಧಾರೆ, ಓಡುವಾಗ ಗಾಳಿಯ ಒತ್ತಡಕ್ಕೆ ಇನ್ನೂ ಕೆಳಗಿಳಿಯುತ್ತದೆ, ಮೇಲ್ಭಾಗದಲ್ಲಿ ಬ್ಲೇಡ್ ಒಣಗಾಜನ್ನೇ ಉಜ್ಜುತ್ತದೆ. ಪಂಪಿನ ಸದ್ದು ಬಂದು ನೀರು ಬಾರದಿದ್ದರೆ ಬಾನೆಟ್ ಎತ್ತಿ ಪೈಪು ಕಳಚಿದೆಯೋ ನೋಡಿ. ಇಲಿ ಕಡಿದ ಪೈಪು ತೋಟದ ಮನೆಯ ಕಾರುಗಳಲ್ಲಿ ಸಾಮಾನ್ಯ.

ಹಂತ 6: ಓಡಿಸುವಾಗ

ಮುಖ್ಯ ನಿಯಮ ಒಂದೇ: ಮೊದಲು ನೀರು, ಆಮೇಲೆ ವೈಪರ್. ಎದುರಿನ ಟಿಪ್ಪರ್ ಕೆಸರು ಎರಚಿದರೆ ಗಾಬರಿಯಲ್ಲಿ ವೈಪರ್ ಲಿವರಿಗೆ ಕೈ ಹೋಗುವುದು ಸಹಜ. ವಾಷರನ್ನು ಎರಡು ಮೂರು ಸೆಕೆಂಡು ಒತ್ತಿ ಹಿಡಿಯುವುದನ್ನು ಅಭ್ಯಾಸ ಮಾಡಿಕೊಳ್ಳಿ. ಕೆಂಪು ಜೇಡಿ ದಪ್ಪಗೆ ಮೆತ್ತಿದ್ದರೆ ನಿಲ್ಲಿಸಿ ಬಾಟಲಿ ನೀರು ಹಾಕುವುದೇ ಸರಿ, ಒಂದು ಲೀಟರ್ ನೀರು ಡೋರಿನಲ್ಲಿ ಸದಾ ಇರಲಿ.

ಇನ್ನು ಘಟ್ಟದಲ್ಲಿ ಆಗುವ ದೊಡ್ಡ ತಪ್ಪು. ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯುವಾಗ, ಶಿರಾಡಿಯಲ್ಲಿ, ಮುಳ್ಳಯ್ಯನಗಿರಿ ಹತ್ತುವಾಗ ಗಾಜು ಮಬ್ಬಾಗುತ್ತದೆ. ಮಳೆ ನಿಂತಿದ್ದರೂ ವೈಪರ್ ಓಡುತ್ತಲೇ ಇರುತ್ತದೆ, ಗಾಜು ತಿಳಿಯಾಗುವುದೇ ಇಲ್ಲ. ಮಬ್ಬು ಕಟ್ಟಿರುವುದು ಒಳಗೆ! ಒಳಗಿನವರ ಉಸಿರು, ಒದ್ದೆ ಬಟ್ಟೆಯ ತೇವ ತಣ್ಣನೆಯ ಗಾಜಿಗೆ ಕೂತಿರುತ್ತದೆ. ಬೆರಳಿಂದ ಒಳಗಡೆ ಒಂದು ಗೆರೆ ಎಳೆದು ನೋಡಿ. ಗೆರೆ ಮೂಡಿದರೆ ವೈಪರ್ ನಿಲ್ಲಿಸಿ, ಎಸಿ ಹಾಕಿ, ಗಾಳಿಯನ್ನು ಮುಂಗಾಜಿಗೆ ತಿರುಗಿಸಿ, ಒಳಗಾಳಿ ಸುತ್ತುವ ಬಟನ್ ತೆಗೆದು ಹೊರಗಾಳಿಗೆ ಬಿಡಿ. ಎಸಿ ಗಾಳಿಯ ತೇವ ಹೀರುತ್ತದೆ. ಒಂದೆರಡು ನಿಮಿಷದಲ್ಲಿ ತಿಳಿಯಾಗುತ್ತದೆ.

ಬೆರಳಿಗೆ ಗೆರೆ ಮೂಡದಿದ್ದರೆ ಮಬ್ಬು ಹೊರಗಡೆಯದು. ಎಸಿಯ ತಂಪಿಗೆ ಗಾಜು ತಣ್ಣಗಾಗಿ ಹೊರಗಿನ ತೇವ ಅದರ ಮೇಲೆ ಕೂತಿರುತ್ತದೆ. ಆಗ ತಂಪು ಕಡಿಮೆ ಮಾಡಿ, ವೈಪರನ್ನು ಒಂದೊಂದೇ ಬೀಸು ಹಾಕಿ.

ಜಿನುಗು ಮಳೆಗೆ ನಿರಂತರ ವೇಗ ಇಡಬೇಡಿ, ಬಿಟ್ಟು ಬಿಟ್ಟು ಓಡುವ ಇಂಟರ್ವಲ್‌ಗೆ ಹಾಕಿ. ನಿಮಿಷಕ್ಕೆ 45 ಬೀಸು ಎಂದಿಟ್ಟುಕೊಂಡರೂ ಒಂದು ಗಂಟೆಗೆ 2700 ಬೀಸು. ಅದರಲ್ಲಿ ಅರ್ಧ ಒಣಗಾಜಿನ ಮೇಲಾದರೆ ಒಂದೇ ಪ್ರಯಾಣಕ್ಕೆ ಅಂಚಿನ ಮೇಲೆ ಎಷ್ಟು ಭಾರ ಬೀಳುತ್ತದೆ ಎಂದು ಯೋಚಿಸಿ. ಮಳೆ ಗುರುತಿಸುವ ಸೆನ್ಸರ್ ಇರುವ ಕಾರಾದರೆ ತೊಳೆಯುವ ಮುಂಚೆ ಆಟೋ ಆಫ್ ಮಾಡಿ, ಬಟ್ಟೆ ಹಿಡಿದ ಕೈ ಗಾಜಿನ ಮೇಲಿರುವಾಗಲೇ ವೈಪರ್ ಹೊರಡಬಹುದು.

ಹಂತ 7: ನಿಲ್ಲಿಸುವಾಗ

ಬಿಸಿಲು ಮತ್ತು ಗಾಳಿಯಲ್ಲಿನ ಓಝೋನ್ ರಬ್ಬರನ್ನು ಗಟ್ಟಿ ಮಾಡಿ ಬಿರುಕು ಬಿಡಿಸುತ್ತವೆ. ನೆರಳು ಬೇಕು, ಆದರೆ ಮರ ನೋಡಿ ನಿಲ್ಲಿಸಿ. ಹಲಸು, ಮಾವಿನ ಅಡಿ ಅಂಟು, ಹಕ್ಕಿ ಹಿಕ್ಕೆ. ಕಾಫಿ ಒಣಗಿಸುವ ಕಣದ ಪಕ್ಕದಲ್ಲಿ ಸಿಪ್ಪೆಯ ಧೂಳು. ಶೆಡ್ಡೋ ತಗಡಿನ ಮಾಡೋ ಇದ್ದರೆ ಎಲ್ಲಕ್ಕಿಂತ ಒಳ್ಳೆಯದು. ಬಯಲಲ್ಲೇ ನಿಲ್ಲಿಸಬೇಕಾದರೆ ಮುಂಗಾಜು ಬಿಸಿಲಿಗೆ ಬೆನ್ನು ಮಾಡಿರಲಿ.

ಎರಡು ಮೂರು ವಾರ ಕಾರು ತೆಗೆಯುವುದಿಲ್ಲವೆಂದರೆ ಸ್ಪ್ರಿಂಗಿನ ಒತ್ತಡ ರಬ್ಬರಿನ ಮೇಲೆ ಕೂತು ಅದು ಒಂದೇ ಕಡೆ ಮಡಚಿಕೊಳ್ಳುತ್ತದೆ. ಕೈಯ ತುದಿಯ ಹತ್ತಿರ ಮಡಚಿದ ಸ್ಪಂಜಿನ ತುಂಡು ಇಟ್ಟು ರಬ್ಬರು ಗಾಜಿಗೆ ತಾಗದಷ್ಟೇ ಎತ್ತರಿಸಿ. ಕೈಯನ್ನು ಪೂರ್ತಿ ಎತ್ತಿ ನಿಲ್ಲಿಸಿ ಹೋಗಬೇಡಿ. ಸ್ಪ್ರಿಂಗ್ ಅಷ್ಟು ದಿನ ಹಿಗ್ಗಿಯೇ ಇರುತ್ತದೆ, ಗಾಳಿಗೋ ಮಂಗಗಳಿಗೋ ಸಿಕ್ಕಿ ಬಡಿದರೆ ಗಾಜಿಗೆ ಅಪಾಯ. ಸ್ಪಂಜು ತೆಗೆಯುವುದನ್ನು ಮರೆಯದಂತೆ ಸ್ಟೇರಿಂಗಿಗೆ ಒಂದು ಚೀಟಿ ಕಟ್ಟಿ.

ಬೇಸಿಗೆಯಲ್ಲಿ ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ಬಂದ ದಿನ ನೇರವಾಗಿ ವೈಪರ್ ಹಾಕುವುದು ಬೇಡ. ತಿಂಗಳುಗಟ್ಟಲೆ ಕೂತ ಧೂಳು ಮೊದಲ ಹನಿಗೆ ಗಂಧದಂತಾಗಿರುತ್ತದೆ.

ಹಂತ 8: ಬದಲಿಸುವ ಹೊತ್ತು ಬಂದಾಗ

ತೊಳೆದ ಗಾಜಿನ ಮೇಲೆ, ತೊಳೆದ ರಬ್ಬರಿನಿಂದಲೂ ಗೆರೆ ಬಂದರೆ, ತುಟಿ ಬೆರಳಿಗೆ ಗಟ್ಟಿ ಎನಿಸಿದರೆ, ಬಾಗಿಸಿದಾಗ ಬುಡದಲ್ಲಿ ಬಿರುಕು ಕಂಡರೆ, ತುದಿ ಹರಿದು ಜೋತಾಡಿದರೆ ಬದಲಿಸಿ. ಚೌಕಟ್ಟಿನ ಲೋಹ ಗಾಜಿಗೆ ತಾಗುವ ಲಕ್ಷಣ ಕಂಡರೆ ಅಂದೇ ಬದಲಿಸಿ. ಇಲ್ಲಿಯ ಮಳೆಗೆ ವರ್ಷಕ್ಕೊಂದು ಜೋಡಿ ಸಾಮಾನ್ಯ ಲೆಕ್ಕ. ಮೇ ಕೊನೆಯಲ್ಲಿ ಹಾಕಿದರೆ ಹೊಸ ಅಂಚು ಬಿಸಿಲಿಗೆ ಸಿಗದೆ ನೇರ ಮಳೆಗೆ ಸಿಗುತ್ತದೆ. ಜನವರಿಯಲ್ಲಿ ಹಾಕಿದ ಜೋಡಿ ಮಳೆ ಬರುವ ಮುಂಚೆಯೇ ಅರ್ಧ ಆಯಸ್ಸು ಕಳೆದಿರುತ್ತದೆ.

ಹಳೆಯ ಬ್ಲೇಡನ್ನು ಅಂಗಡಿಗೆ ಒಯ್ಯಿರಿ. ಅಳತೆ ಇಂಚಿನಲ್ಲಿ, ಎಡ ಬಲ ಬೇರೆ ಬೇರೆ ಇರುತ್ತದೆ. ಉದ್ದದ್ದು ಸಾಮಾನ್ಯವಾಗಿ ಡ್ರೈವರ್ ಕಡೆಯದು. ಹೆಚ್ಚು ಜಾಗ ಒರೆಸಲೆಂದು ಉದ್ದ ಬ್ಲೇಡ್ ಹಾಕಿದರೆ ಒಂದಕ್ಕೊಂದು ಬಡಿಯುತ್ತವೆ ಅಥವಾ ಗಾಜಿನ ಅಂಚು ದಾಟುತ್ತವೆ. ಪ್ಯಾಕೆಟ್ ಬಿಚ್ಚಿಸಿ ತುಟಿಯನ್ನು ಬೆರಳಲ್ಲಿ ಆ ಕಡೆ ಈ ಕಡೆ ಬಾಗಿಸಿ ನೋಡಿ, ಅಂಗಡಿಯ ಬಿಸಿಲು ಬೀಳುವ ಗೋಡೆಗೆ ವರ್ಷಗಟ್ಟಲೆ ತೂಗಿದ್ದ ರಬ್ಬರು ಅಲ್ಲೇ ಗಟ್ಟಿಯಾಗಿರಬಹುದು.

ಯು ಹುಕ್ ಕೈಗೆ (ತುದಿ ಕೊಕ್ಕೆಯಂತೆ ಬಾಗಿದ ವೈಪರ್ ಕೈಗೆ) ಹಾಕುವ ಕ್ರಮ:

1. ಮೇಲಿರುವ ಕೈಯನ್ನು ಮೊದಲು ಎತ್ತಿ, ಗಾಜಿನ ಮೇಲೆ ಟವೆಲ್ ಹಾಸಿ.
2. ಬ್ಲೇಡನ್ನು ಕೈಗೆ ಅಡ್ಡವಾಗಿ ತಿರುಗಿಸಿ, ನಡುವಿನ ಲಾಕ್ ಒತ್ತಿ, ಕೈಯ ಬುಡದ ಕಡೆಗೆ ಜಾರಿಸಿ ಹುಕ್ಕಿನಿಂದ ಬಿಡಿಸಿ.
3. ವೈಪರ್ ಕೈಯನ್ನು ನಿಮ್ಮ ಒಂದು ಕೈಯಲ್ಲಿ ಹಿಡಿದೇ ಇರಿ. ಹಿಡಿಯಲಾಗದಿದ್ದರೆ ಟವೆಲ್ ಮೇಲೆ ಮೆಲ್ಲಗೆ ಮಲಗಿಸಿ.
4. ಹೊಸ ಬ್ಲೇಡನ್ನು ಹುಕ್ಕಿನೊಳಗೆ ತೂರಿಸಿ, ಟಕ್ ಎಂದು ಕೂರುವ ತನಕ ತುದಿಯ ಕಡೆಗೆ ಎಳೆಯಿರಿ. ಜಗ್ಗಿ ನೋಡಿ, ಅಲ್ಲಾಡಿದರೆ ಅಡಾಪ್ಟರ್ (ಬ್ಲೇಡನ್ನು ಹುಕ್ಕಿಗೆ ಹೊಂದಿಸುವ ತುಂಡು) ಸರಿಯಿಲ್ಲ.
5. ರಬ್ಬರಿನ ಅಂಚಿಗೆ ತೊಡಿಸಿರುವ ಪ್ಲಾಸ್ಟಿಕ್ ಪಟ್ಟಿಯನ್ನು ತೆಗೆಯಿರಿ. ಇದನ್ನು ಹಾಗೇ ಬಿಟ್ಟು ಬ್ಲೇಡ್ ಒರೆಸುವುದೇ ಇಲ್ಲ ಎಂದು ವಾಪಸು ತರುವವರು ಪ್ರತಿ ವರ್ಷ ಇದ್ದಾರೆ.
6. ಕೈ ಇಳಿಸಿ, ಗಾಜಿಗೆ ನೀರು ಹಾಕಿ, ನಿಧಾನ ವೇಗದಲ್ಲಿ ಹತ್ತು ಬೀಸು ಓಡಿಸಿ.

ಹಳೆಯ ಮಾದರಿಯ ಲೋಹದ ಚೌಕಟ್ಟು ನೇರವಾಗಿದ್ದರೆ ರಬ್ಬರ್ ಪಟ್ಟಿ ಮಾತ್ರ ಬದಲಿಸಬಹುದು, ಖರ್ಚು ಕಡಿಮೆ. ಪಟ್ಟಿ ಸಾಮಾನ್ಯವಾಗಿ 6 ಅಥವಾ 8 ಎಂಎಂ ಅಗಲದಲ್ಲಿ ಬರುತ್ತದೆ, ಹಳೆಯದರ ತುಂಡು ಹಿಡಿದು ಹೊಂದಿಸಿ. ಎಳೆಯುವ ಮುಂಚೆ ಲಾಕ್ ಇರುವ ತುದಿ ಯಾವುದು, ರಬ್ಬರಿನ ಅಕ್ಕಪಕ್ಕದ ಎರಡು ಸ್ಟೀಲ್ ಪಟ್ಟಿಗಳ ಬಾಗು ಯಾವ ಕಡೆಗೆ ಎಂದು ಫೋಟೋ ತೆಗೆದುಕೊಳ್ಳಿ. ಸ್ಟೀಲ್ ಪಟ್ಟಿಯ ಕಚ್ಚು ರಬ್ಬರಿನ ಗುಬುಟಿಗೆ ಕೂರಬೇಕು. ಚೌಕಟ್ಟಿನ ಉಗುರುಗಳನ್ನು ಒಂದೊಂದಾಗಿ ಎಣಿಸುತ್ತಾ ತೂರಿಸಿ. ಒಂದು ಉಗುರು ತಪ್ಪಿದರೂ ಅದು ಗಾಜನ್ನು ಕೆರೆಯುತ್ತದೆ. ಉದ್ದ ಹೆಚ್ಚಿದ್ದರೆ ಲಾಕ್ ಇಲ್ಲದ ತುದಿಯಲ್ಲಿ ಕತ್ತರಿಸಿ.

ಹಿಂದಿನ ಗಾಜಿನ ವೈಪರಿಗೂ ಇದೇ ಕ್ರಮ. ಆದರೆ ಅಲ್ಲಿ ಚಕ್ರ ಎಬ್ಬಿಸಿದ ಧೂಳೆಲ್ಲ ಗಾಜಿಗೆ ಕೂತಿರುತ್ತದೆ, ರಿವರ್ಸ್ ಹಾಕಿದಾಗ ತಾನಾಗಿಯೇ ಓಡುವ ಕಾರುಗಳೂ ಇವೆ. ಅಲ್ಲಿ ರಬ್ಬರನ್ನು ಮುಂದಿನದಕ್ಕಿಂತ ಹೆಚ್ಚು ಸಲ ಒರೆಸಬೇಕು.

ತೆಗೆದ ಹಳೆಯ ಜೋಡಿಯಲ್ಲಿ ಚೆನ್ನಾಗಿರುವ ಒಂದನ್ನು ತೊಳೆದು, ಒಣಗಿಸಿ, ಹೊಸ ಬ್ಲೇಡಿನ ಪ್ಲಾಸ್ಟಿಕ್ ಪಟ್ಟಿಯನ್ನೇ ಅದರ ಅಂಚಿಗೆ ತೊಡಿಸಿ ಡಿಕ್ಕಿಯಲ್ಲಿ ಇಡಿ. ಡ್ರೈವರ್ ಕಡೆಯ ಅಳತೆಯದೇ ಆಗಿರಲಿ. ರಾತ್ರಿ ಘಟ್ಟದ ನಡುವೆ ಕೊಂಬೆ ಬಿದ್ದು ಬ್ಲೇಡ್ ಮುರಿದರೆ ಊರು ಸೇರುವ ತನಕ ಅದು ಸಾಕಾಗುತ್ತದೆ.